ಹೃದಯದ ಕದವೂ ಮಿಡಿತವೂ

ಮನುಷ್ಯನ ಹೃದಯವು ಅವನ ಹಿಡಿಮುಷ್ಟಿಗಿಂತ ಬಹಳ ದೊಡ್ಡದೇನಲ್ಲ. ಆದರೂ ಹುಟ್ಟಿಗೆ ಮುಂಚೆಯೇ ಆರಂಭವಾಗುವ ಅದರ ದುಡಿಮೆಗೆ ಕೊನೆಯುಸಿರಿನವರೆಗೆ ಬಿಡುವೆಂಬುದಿಲ್ಲ. ನಿಮಿಷಕ್ಕೆ ಸುಮಾರು ೭೨ ಬಾರಿ, ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಅದು ಮಿಡಿಯುತ್ತದೆ. ಈ ಪುಟ್ಟ ಮನೆಯಲ್ಲಿ ನಾಲ್ಕು ಕೋಣೆಗಳಿವೆ. ಮೇಲಿನ ಎರಡು ಕೋಣೆಗಳು ಹೃತ್ಕರ್ಣಗಳು. ಕೆಳಗಿನ ಎರಡು ಹೃತ್ಕುಕ್ಷಿಗಳು. ರಕ್ತವು ಒಂದು ಕೋಣೆಯಿಂದ ಮುಂದಕ್ಕೆ ಹರಿಯಬೇಕೇ ಹೊರತು ಹಿಂದಕ್ಕೆ ಮರಳಬಾರದು. ಇದಕ್ಕಾಗಿ ನಾಲ್ಕು ಕದಗಳಿವೆ. ಬಲಭಾಗದ ಎರಡು ಕೋಣೆಗಳ ನಡುವೆ ತ್ರಿದಳ ಕವಾಟ, ಎಡಭಾಗದ ಎರಡರ ನಡುವೆ ದ್ವಿದಳ ಕವಾಟ, ಎಡ ಹೃತ್ಕುಕ್ಷಿಯಿಂದ ಮಹಾಪಧಮನಿಯು ಹೊರಡುವಲ್ಲಿ ಒಂದು, ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಗಳಿಗೆ ರಕ್ತವನ್ನೊಯ್ಯುವ ನಾಳದ ಬಾಯಲ್ಲಿ ಇನ್ನೊಂದು. ತೆಳುವಾದ ದಳಗಳಿಂದಾದ ಈ ಕದಗಳಿಗೆ ತಿರುಗಣೆಯಿಲ್ಲ, ಅಗಣಿಯಿಲ್ಲ. ರಕ್ತದ ಒತ್ತಡವೇ ಅವನ್ನು ತೆರೆಯುತ್ತದೆ; ರಕ್ತದ ಒತ್ತಡವೇ ಅವನ್ನು ಮುಚ್ಚುತ್ತದೆ. ವೈದ್ಯನು ಎದೆಗೆ ಸ್ಟೆತಾಸ್ಕೋಪನ್ನು ಇಟ್ಟಾಗ ಕೇಳಿಬರುವ ‘ಲಬ್-ಡಬ್’ ಎಂಬ ಸದ್ದು ಈ ಕದಗಳು ಮುಚ್ಚಿಕೊಳ್ಳುವಾಗ ಹುಟ್ಟುವಂಥದು.

ಕದವು ಎರಡು ಬಗೆಯಲ್ಲಿ ಕೆಡಬಹುದು. ಅಂಚುಗಳು ಅಂಟಿಕೊಂಡು ಅಥವಾ ಗಡುಸಾಗಿ ಬಾಗಿಲು ಪೂರ್ತಿ ತೆರೆಯದೆ ಹೋಗುವುದು ಒಂದು ಬಗೆ. ದಳಗಳು ಸರಿಯಾಗಿ ಕೂಡದೆ ರಕ್ತವು ಹಿಂದಕ್ಕೆ ಸೋರುವುದು ಇನ್ನೊಂದು ಬಗೆ. ಭಾರತದಲ್ಲಿ ಚಿಕ್ಕ ವಯಸ್ಸಿನವರ ಕವಾಟಗಳನ್ನು ಕೆಡಿಸುವ ಮುಖ್ಯ ಶತ್ರುವೆಂದರೆ ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ, ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಬಂದ ಗಂಟಲುನೋವು ವಾಸಿಯಾದ ಕೆಲವು ವಾರಗಳ ಮೇಲೆ ಇದು ತಲೆದೋರುತ್ತದೆ. ಸೂಕ್ಷ್ಮಾಣುವಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ತನ್ನವರನ್ನು ಗುರುತಿಸದೆ ಹೃದಯದ ಕವಾಟಗಳ ಮೇಲೆರಗುತ್ತದೆ. ಕೀಲುನೋವು ಕೆಲವು ದಿನಗಳಲ್ಲಿ ಮರೆಯಾದರೂ ಕವಾಟದ ಮೇಲಿನ ಗಾಯವು ಉಳಿದು, ವರ್ಷಗಳು ಕಳೆದಂತೆ ದಪ್ಪಗಟ್ಟುತ್ತದೆ. ವೃದ್ಧರಲ್ಲಿಯಾದರೋ ಸುಣ್ಣದಂಶವು ಶೇಖರವಾಗಿ ಮಹಾಪಧಮನಿಯ ಕವಾಟವು ಕಲ್ಲಿನಂತಾಗುವುದುಂಟು.

ಕೆಟ್ಟ ಕದವನ್ನು ರಿಪೇರಿ ಮಾಡಬಹುದು, ಇಲ್ಲವೇ ತೆಗೆದು ಹೊಸದನ್ನು ಕೂರಿಸಬಹುದು. ೧೯೬೦ರಲ್ಲಿ ಅಮೆರಿಕದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರವೈದ್ಯನೂ ಲೊವೆಲ್ ಎಡ್ವರ್ಡ್ಸ್ ಎಂಬ ಎಂಜಿನಿಯರನೂ ಕೂಡಿ ರೂಪಿಸಿದ ಕೃತಕ ಕವಾಟದಲ್ಲಿ ಲೋಹದ ಪಂಜರದೊಳಗೆ ಒಂದು ಚೆಂಡು ಮೇಲೆ ಕೆಳಗೆ ಆಡುತ್ತಿತ್ತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ವಲಿಯತ್ತಾನ್ ಅವರ ನೇತೃತ್ವದಲ್ಲಿ ಸಿದ್ಧವಾದ ಭಾರತೀಯ ಕವಾಟವನ್ನು ೧೯೯೦ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಅಳವಡಿಸಲಾಯಿತು. ಪ್ಯಾರಿಸಿನ ಆಲೆನ್ ಕಾರ್ಪೆಂಟಿಯೆ ಇನ್ನೊಂದು ದಾರಿ ಹಿಡಿದನು. ಸ್ವಂತ ಕವಾಟವನ್ನು ಕಿತ್ತೆಸೆಯುವುದಕ್ಕಿಂತ ಅದರ ದಳಗಳನ್ನು ತಿದ್ದಿ, ಸಡಿಲಗೊಂಡ ಬಾಗಿಲುವಾಡಕ್ಕೆ ಒಂದು ಬಳೆಯನ್ನು ಹೊಲಿದು ಬಿಗಿಗೊಳಿಸುವುದು ಮೇಲೆಂದು ಆತನು ತೋರಿಸಿದನು. ಇಂದು ಎರಡು ಕ್ರಮಗಳೂ ರೂಢಿಯಲ್ಲಿವೆ.

ಇಷ್ಟಾದ ಮೇಲೆ ರೋಗಿಯು ಗುಣಮುಖನಾದನೆಂದೇ ಎಣಿಸಬಹುದು. ಬಹುಮಂದಿಯ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಕೆಲವರಿಗೆ ಕದವು ಸರಿಹೋದ ದಿನವೇ ಮಿಡಿತವು ತಪ್ಪುತ್ತದೆ. ಕವಾಟಕ್ಕೂ ಮಿಡಿತಕ್ಕೂ ಏನು ಸಂಬಂಧವೆಂಬುದನ್ನು ತಿಳಿಯಬೇಕಾದರೆ ಮಿಡಿತವು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು.

ಹೃದಯವು ಮೆದುಳಿನ ಅಪ್ಪಣೆಗಾಗಿ ಕಾಯುವುದಿಲ್ಲ. ಬಲ ಹೃತ್ಕರ್ಣದ ಮೇಲ್ಗಡೆ ಸೈನಸ್ ಗಂಟು ಎಂಬ ಜೀವಕೋಶಗಳ ಒಂದು ಗುಂಪು ಇದೆ. ಅದು ತನ್ನಷ್ಟಕ್ಕೆ ತಾನೇ ಲಯಬದ್ಧವಾಗಿ ಅತಿ ಸಣ್ಣ ವಿದ್ಯುತ್ ಪ್ರೇರಣೆಯನ್ನು ಹೊರಡಿಸುತ್ತದೆ. ಪ್ರೇರಣೆಯು ಹೃತ್ಕರ್ಣಗಳಲ್ಲಿ ಹರಡಿ ಅವನ್ನು ಸಂಕುಚಿಸುತ್ತದೆ. ಆಮೇಲೆ ಕೋಣೆಗಳ ನಡುಗೋಡೆಯಲ್ಲಿರುವ ಇನ್ನೊಂದು ಗಂಟಿಗೆ ಬಂದು ಸೇರುತ್ತದೆ. ಈ ನಡುಗಂಟಿನಲ್ಲಿ ಅದು ಸೆಕೆಂಡಿನ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ತಡೆಯುತ್ತದೆ. ಈ ತಡೆಯು ವ್ಯರ್ಥವಲ್ಲ. ಮೇಲಿನ ಕೋಣೆಯ ರಕ್ತವು ಕೆಳಗಿನ ಕೋಣೆಗೆ ಇಳಿದು ತುಂಬಲು ಅಷ್ಟು ಹೊತ್ತು ಬೇಕು. ಬಳಿಕ ಪ್ರೇರಣೆಯು ಒಂದು ತೆಳುವಾದ ಎಳೆಯ ಮೂಲಕ ನಡುಗೋಡೆಯಲ್ಲಿ ಕೆಳಗಿಳಿದು, ಎರಡು ಕವಲಾಗಿ, ಹೃತ್ಕುಕ್ಷಿಗಳ ಸ್ನಾಯುವಿನಲ್ಲೆಲ್ಲ ಹರಡುತ್ತದೆ. ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಪ್ರೇರಣೆಯು ದಾಟಲು ಸಾಮಾನ್ಯವಾಗಿ ಇರುವ ಹಾದಿ ಇದೊಂದೇ. ಮಿಕ್ಕೆಲ್ಲ ಕಡೆಗಳಲ್ಲಿ ವಿದ್ಯುತ್ತನ್ನು ಒಯ್ಯದ ನಾರಿನ ಗೋಡೆಯು ಅಡ್ಡವಾಗಿದೆ.

ಈ ಹಾದಿಯನ್ನು ಮನುಷ್ಯನು ಕಂಡುಕೊಂಡ ರೀತಿಯೂ ವಿಚಿತ್ರವೇ. ಪ್ರೇರಣೆಯು ಹರಿದುಬರುವ ದಿಕ್ಕಿಗೆ ವಿರುದ್ಧವಾಗಿ, ತುದಿಯಿಂದ ಮೂಲದ ಕಡೆಗೆ ಅದು ಬೆಳಕಿಗೆ ಬಂದಿತು. ಎಳೆಯನ್ನು ೧೮೯೩ರಲ್ಲಿ ವಿಲ್ಹೆಲ್ಮ್ ಹಿಸ್ ಎಂಬ ತರುಣ ವೈದ್ಯನು ವರ್ಣಿಸಿದನು; ಇಂದಿಗೂ ಅದು ಹಿಸ್ ಎಳೆಯೆಂದೇ ಪ್ರಸಿದ್ಧವಾಗಿದೆ. ನಡುಗಂಟನ್ನು ಜರ್ಮನಿಯ ಮಾರ್ಬರ್ಗ್ ನಗರದಲ್ಲಿ ಅಭ್ಯಾಸ ಮಾಡುತ್ತಿದ್ದ ಜಪಾನಿನ ಸುನಾವೊ ತವಾರನು ೧೯೦೬ರಲ್ಲಿ ತೋರಿಸಿಕೊಟ್ಟನು. ಮೂಲವಾದ ಸೈನಸ್ ಗಂಟನ್ನು ೧೯೦೭ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಪ್ರಕಟಿಸಿದರು. ಫ್ಲಾಕನು ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ಆತನು ಮೊದಲು ಆ ಗಂಟನ್ನು ಕಂಡದ್ದು ನೆಲದಡಿ ಬಿಲ ತೋಡುವ ಮೋಲ್ ಎಂಬ ಸಣ್ಣ ಪ್ರಾಣಿಯ ಹೃದಯದಲ್ಲಿ.

ಈಗ ಕದಗಳನ್ನೂ ಈ ಎಳೆಯನ್ನೂ ಒಂದೇ ಚಿತ್ರದಲ್ಲಿ ಸೇರಿಸಿ ನೋಡಬೇಕು. ನಡುಗಂಟು ಇರುವುದು ತ್ರಿದಳ ಕವಾಟದ ಒಂದು ದಳವು ಗೋಡೆಗೆ ಅಂಟಿರುವ ಬುಡದ ಪಕ್ಕದಲ್ಲೇ. ದ್ವಿದಳ ಕವಾಟದ ಚೌಕಟ್ಟಿನ ಒಂದು ಮೂಲೆಯೂ ಅದಕ್ಕೆ ಹತ್ತಿರ. ಅಲ್ಲಿಂದ ಹೊರಟ ಹಿಸ್ ಎಳೆಯು ಮಹಾಪಧಮನಿಯ ಕವಾಟದ ಎರಡು ದಳಗಳು ಕೂಡುವ ಸ್ಥಳದ ಅಡಿಯಲ್ಲೇ ಹಾಯ್ದು ಹೋಗುತ್ತದೆ. ಅಂತರವು ಕೆಲವೇ ಮಿಲಿಮೀಟರ್. ಹಳೆಯ ಮನೆಯ ಬಾಗಿಲುವಾಡವನ್ನು ಬದಲಿಸುವ ಬಡಗಿಗೆ, ಪಕ್ಕದ ಗೋಡೆಯ ಗಾರೆಯೊಳಗೆ ಇಡೀ ಮನೆಗೆ ಬೆಳಕನ್ನೊಯ್ಯುವ ತಂತಿಯು ಹುದುಗಿರುವುದು ಕಾಣುವುದಿಲ್ಲ. ಶಸ್ತ್ರವೈದ್ಯನ ಸ್ಥಿತಿಯೂ ಅಂಥದೇ. ಬಡಗಿಗೆ ಕಾಣದ ತಂತಿಯಂತೆ ಈ ಎಳೆಯೂ ಬರಿಗಣ್ಣಿಗೆ ಸುತ್ತಲಿನ ಮಾಂಸಖಂಡದಿಂದ ಬೇರೆಯಾಗಿ ತೋರುವುದಿಲ್ಲ. ಅದು ಎಲ್ಲಿರಬೇಕೆಂಬುದನ್ನು ಶಸ್ತ್ರವೈದ್ಯನು ಅಂಗರಚನೆಯ ತಿಳಿವಳಿಕೆಯಿಂದ ಊಹಿಸಿಯೇ ಸೂಜಿಯನ್ನು ನಡೆಸಬೇಕು. ತ್ರಿದಳ ಕವಾಟಕ್ಕೆ ಹೊಲಿಯುವ ಬಳೆಗಳಲ್ಲಿ ಬಹಳಷ್ಟನ್ನು ಪೂರ್ಣ ವೃತ್ತವಾಗಿ ಮಾಡದೆ ಒಂದು ಕಡೆ ತೆರೆದೇ ಬಿಟ್ಟಿರುತ್ತಾರೆ. ಆ ತೆರವು ನಡುಗಂಟಿರುವ ಜಾಗಕ್ಕೆ ಸರಿಯಾಗಿ ಬರುತ್ತದೆ. ಅಲ್ಲಿ ಹೊಲಿಗೆ ಬೀಳಬಾರದೆಂಬುದೇ ಅದರ ಉದ್ದೇಶ.

ಹೊಲಿಗೆಯು ಎಳೆಗೆ ತಾಗಿದರೆ, ಗಟ್ಟಿಯಾದ ಸುಣ್ಣವನ್ನು ಕೆರೆದು ತೆಗೆಯುವಾಗ ಎಳೆಗೆ ಪೆಟ್ಟಾದರೆ, ಅಥವಾ ಸುತ್ತಲಿನ ಭಾಗವು ಬಾತು ಎಳೆಯನ್ನು ಅದುಮಿದರೆ, ಪ್ರೇರಣೆಯು ಕೆಳಗಿಳಿಯದು. ಇದಕ್ಕೆ ವೈದ್ಯರು ಹಾರ್ಟ್ ಬ್ಲಾಕ್ ಎನ್ನುತ್ತಾರೆ. ರಕ್ತನಾಳವು ಕೊಬ್ಬಿನಿಂದ ಕಟ್ಟಿಕೊಳ್ಳುವುದಕ್ಕೂ ಜನರು ಆಡುಮಾತಿನಲ್ಲಿ ಬ್ಲಾಕ್ ಎಂದೇ ಹೇಳುವರು. ಎರಡೂ ಬೇರೆ ಬೇರೆ. ಇಲ್ಲಿ ಕಟ್ಟಿಕೊಂಡಿರುವುದು ರಕ್ತದ ಹಾದಿಯಲ್ಲ, ಅಪ್ಪಣೆಯ ಹಾದಿ. ಮೇಲಿನ ಕೋಣೆಗಳು ಎಂದಿನಂತೆ ಮಿಡಿಯುತ್ತಿರುತ್ತವೆ. ಕೆಳಗಿನವು ಅಪ್ಪಣೆ ಬಾರದೆ ತಮಗೆ ತೋಚಿದಂತೆ ನಿಮಿಷಕ್ಕೆ ೨೦ರಿಂದ ೪೦ ಬಾರಿ ಮಾತ್ರ ಮಿಡಿಯುತ್ತವೆ, ಕೆಲವೊಮ್ಮೆ ನಿಂತೇ ಹೋಗುತ್ತವೆ. ಮೆದುಳಿಗೆ ರಕ್ತವು ಸಾಲದೆ ರೋಗಿಯು ತಟ್ಟನೆ ಪ್ರಜ್ಞೆ ತಪ್ಪಿ ಬೀಳಬಹುದು, ಸಾಯಲೂಬಹುದು.

ಇಂಥ ಆಪತ್ತಿಗೆ ಪರಿಹಾರವನ್ನು ಹುಡುಕುವಾಗಲೇ ಇಂದಿನ ಪೇಸ್‌ಮೇಕರ್ ಎಂಬ ಗತಿನಿಯಾಮಕದ ಒಂದು ಮುಖ್ಯ ಕವಲು ಹುಟ್ಟಿತು. ಅಮೆರಿಕದ ಮಿನಿಯಾಪೊಲಿಸ್ ನಗರದ ವಿಶ್ವವಿದ್ಯಾಲಯದಲ್ಲಿ ವಾಲ್ಟನ್ ಲಿಲಿಹೈ ಎಂಬ ಶಸ್ತ್ರವೈದ್ಯನು ೧೯೫೪ರಿಂದ ಮಕ್ಕಳ ಹೃದಯವನ್ನು ತೆರೆದು, ಹುಟ್ಟಿನಿಂದಲೇ ನಡುಗೋಡೆಯಲ್ಲಿದ್ದ ರಂಧ್ರಗಳನ್ನು ಮುಚ್ಚುತ್ತಿದ್ದನು. ಅವು ಕವಾಟದ ಕಾಯಿಲೆಗಳಲ್ಲ; ಆದರೆ ರಂಧ್ರವಿರುತ್ತಿದ್ದುದು ಅದೇ ನೆರೆಹೊರೆಯಲ್ಲಿ, ಹಿಸ್ ಎಳೆಯು ಅದರ ಅಂಚಿನಲ್ಲೇ ಹಾಯುತ್ತಿತ್ತು. ಹೀಗಾಗಿ ಸುಮಾರು ಹತ್ತು ಮಕ್ಕಳಲ್ಲಿ ಒಂದಕ್ಕೆ ಹಾರ್ಟ್ ಬ್ಲಾಕ್ ಉಂಟಾಗುತ್ತಿತ್ತು. ರಂಧ್ರವು ಅಂದವಾಗಿ ಮುಚ್ಚಿದ್ದರೂ ಮಗುವು ಉಳಿಯುತ್ತಿರಲಿಲ್ಲ. ಬಾಸ್ಟನ್ನಿನ ಪಾಲ್ ಜೋಲ್ ೧೯೫೨ರಲ್ಲಿ ಎದೆಯ ಚರ್ಮದ ಮೇಲಿನಿಂದ ವಿದ್ಯುತ್ ಪೆಟ್ಟುಗಳನ್ನು ಕೊಟ್ಟು ಹೃದಯವನ್ನು ಮಿಡಿಸಬಹುದೆಂದು ತೋರಿಸಿದ್ದನು. ಆದರೆ ಆ ಪೆಟ್ಟು ಬಲವಾದದ್ದು. ಚರ್ಮವು ಸುಡುತ್ತಿತ್ತು, ನೋವು ಅಸಹ್ಯವಾಗಿತ್ತು. ದಿನಗಟ್ಟಲೆ ಅದನ್ನು ಎಳೆಯ ಮಗುವಿಗೆ ಕೊಡುವುದೆಂತು?

ಲಿಲಿಹೈ ಮತ್ತು ಅವನ ಸಂಗಡಿಗರು ಒಂದು ತೆಳು ತಂತಿಯ ತುದಿಯನ್ನು ಹೃದಯದ ಸ್ನಾಯುವಿಗೇ ಹೊಲಿದು, ಇನ್ನೊಂದು ತುದಿಯನ್ನು ಎದೆಯಿಂದ ಹೊರತಂದು, ವಿದ್ಯುತ್ ಯಂತ್ರವೊಂದಕ್ಕೆ ಜೋಡಿಸಿದರು. ನೇರವಾಗಿ ಸ್ನಾಯುವನ್ನು ಮುಟ್ಟಿದಾಗ ಅತ್ಯಲ್ಪ ವಿದ್ಯುತ್ತೇ ಸಾಕಾಗಿ, ಮಗುವಿಗೆ ಅದರ ಅರಿವೇ ಆಗುತ್ತಿರಲಿಲ್ಲ. ನಾಯಿಗಳ ಮೇಲೆ ಪರೀಕ್ಷಿಸಿ, ೧೯೫೭ರ ಜನವರಿ ೩೦ರಂದು ಪುಟ್ಟ ಬಾಲಕಿಯೊಬ್ಬಳಿಗೆ ಮೊದಲ ಬಾರಿ ಇದನ್ನು ಬಳಸಿದರು, ಆಕೆ ಬದುಕಿದಳು. ಇದಕ್ಕಿಂತಲೂ ಹೆಚ್ಚು ಬೆರಗಿನ ಸಂಗತಿಯೆಂದರೆ, ಕೆಲವು ದಿನಗಳಲ್ಲಿ ಅನೇಕ ಮಕ್ಕಳ ಸ್ವಂತ ಮಿಡಿತವು ತಾನಾಗಿ ಹಿಂದಿರುಗುತ್ತಿತ್ತು. ಎಳೆಯು ತುಂಡಾಗಿರಲಿಲ್ಲ, ಪೆಟ್ಟು ತಿಂದು ಮೂರ್ಛೆ ಹೋದಂತಿತ್ತು, ಅಷ್ಟೆ. ಆಗ ತಂತಿಯನ್ನು ಮೆಲ್ಲನೆ ಎಳೆದುಬಿಡುತ್ತಿದ್ದರು.

ಆದರೆ ಆ ಯಂತ್ರವು ಗೋಡೆಯ ವಿದ್ಯುತ್ತನ್ನೇ ನಂಬಿತ್ತು. ತಂತಿಯ ಉದ್ದವೆಷ್ಟೋ ಮಗುವಿನ ಪ್ರಪಂಚವೂ ಅಷ್ಟೆ. ೧೯೫೭ರ ಅಕ್ಟೋಬರ್ ೩೧ರಂದು ನಗರದಲ್ಲಿ ವಿದ್ಯುತ್ ಕೈಕೊಟ್ಟಾಗ ಈ ವ್ಯವಸ್ಥೆಯ ದುರ್ಬಲತೆಯು ಎಲ್ಲರಿಗೂ ಕಣ್ಣಿಗೆ ಕಟ್ಟಿದಂತಾಯಿತು. ಬ್ಯಾಟರಿಯಿಂದ ನಡೆಯುವ ಸಾಧನವೊಂದನ್ನು ಮಾಡಿಕೊಡಬಹುದೇ ಎಂದು ಲಿಲಿಹೈ, ಆಸ್ಪತ್ರೆಯ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಅರ್ಲ್ ಬಕನ್ ಎಂಬ ಎಂಜಿನಿಯರನನ್ನು ಕೇಳಿದನು. ಬಕನ್ ಮೊದಲು ಕಾರಿನ ಬ್ಯಾಟರಿಯನ್ನು ಗಾಲಿಯ ಮೇಲಿಡುವ ಯೋಚನೆ ಮಾಡಿದನಂತೆ. ಆಮೇಲೆ ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ತಾನು ಓದಿದ್ದ, ಸಂಗೀತಗಾರರಿಗೆ ತಾಳವನ್ನು ಸೂಚಿಸುವ ಮೆಟ್ರೊನೋಮ್ ಎಂಬ ಯಂತ್ರದ ಟ್ರಾನ್ಸಿಸ್ಟರ್ ಜೋಡಣೆಯು ನೆನಪಾಯಿತು. ಅದನ್ನೇ ಮಾರ್ಪಡಿಸಿ, ಸುಮಾರು ನಾಲ್ಕು ವಾರಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಪೆಟ್ಟಿಗೆಯನ್ನು ಮಾಡಿದನು. ಪ್ರಾಣಿಯ ಮೇಲೆ ಅದರ ಪರೀಕ್ಷೆಯಾಯಿತು. ಮರುದಿನ ಬಕನ್ ಆಸ್ಪತ್ರೆಗೆ ಬಂದು ನೋಡುತ್ತಾನೆ, ತಾನು ಕೇವಲ ಮಾದರಿಯೆಂದು ಭಾವಿಸಿದ್ದ ಆ ಪೆಟ್ಟಿಗೆಯು ಆಗಲೇ ಒಂದು ಮಗುವಿನ ಹೃದಯವನ್ನು ಮಿಡಿಸುತ್ತಿತ್ತು! ಉತ್ತಮ ಸಾಧನವು ಕೈಗೆ ಬಂದಿರುವಾಗ ಅದನ್ನು ಬಳಸದೆ ಮಗುವನ್ನು ಅಪಾಯದಲ್ಲಿಡಲು ಲಿಲಿಹೈಗೆ ಮನಸ್ಸಾಗಿರಲಿಲ್ಲ. ಇಂದಿನ ನಿಯಮಗಳಿಗೆ ಇಂಥ ಅವಸರವು ಸಮ್ಮತವಲ್ಲ. ಆದರೆ ಆ ಮಕ್ಕಳಿಗೆ ಕಾಯಲು ಕಾಲವಿರಲಿಲ್ಲ.

ಮಿಡಿತವು ಹಿಂದಿರುಗದವರ ಗತಿಯೇನು? ಅವರಿಗೆ ದೇಹದೊಳಗೇ ಉಳಿಯುವ ಸಾಧನವು ಬೇಕಾಗಿತ್ತು. ೧೯೫೮ರ ಅಕ್ಟೋಬರ್ ೮ರಂದು ಸ್ವೀಡನ್ ದೇಶದ ಕರೊಲಿನ್ಸ್ಕ ಆಸ್ಪತ್ರೆಯಲ್ಲಿ ಓಕೆ ಸೆನ್ನಿಂಗ್ ಎಂಬ ಶಸ್ತ್ರವೈದ್ಯನು, ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬ ೪೩ ವರ್ಷದ ರೋಗಿಯ ದೇಹದೊಳಗೆ ಹುದುಗಿಸಿದನು. ಲಾರ್ಸನ್ನನ ಹಾರ್ಟ್ ಬ್ಲಾಕ್ ಸೋಂಕಿನಿಂದ ಬಂದದ್ದು. ದಿನಕ್ಕೆ ಇಪ್ಪತ್ತು ಮೂವತ್ತು ಬಾರಿ ಆತನು ಪ್ರಜ್ಞೆ ತಪ್ಪುತ್ತಿದ್ದನು. ಆತನ ಹೆಂಡತಿಯು ಬಿಡದೆ ಬೆನ್ನು ಹತ್ತಿದ್ದರಿಂದಲೇ ಈ ಸಾಹಸವು ನಡೆಯಿತು. ಸಾಧನದ ಭಾಗಗಳನ್ನು ಬೂಟ್ ಪಾಲಿಷಿನ ಡಬ್ಬಿಯಲ್ಲಿಟ್ಟು ರಾಳವನ್ನು ಎರೆದು ಅಚ್ಚು ಹೊಯ್ದಿದ್ದರು. ಮೊದಲನೆಯದು ಕೆಲವೇ ಗಂಟೆಗಳಲ್ಲಿ ನಿಂತಿತು, ಎರಡನೆಯದನ್ನು ಹಾಕಬೇಕಾಯಿತು. ಮುಂದೆ ಲಾರ್ಸನ್ ಒಟ್ಟು ೨೬ ಪೇಸ್‌ಮೇಕರುಗಳನ್ನು ಧರಿಸಿ, ತನ್ನನ್ನು ಉಳಿಸಿದ ಶಸ್ತ್ರವೈದ್ಯನಿಗಿಂತಲೂ ಎಂಜಿನಿಯರನಿಗಿಂತಲೂ ಹೆಚ್ಚು ಕಾಲ ಬಾಳಿ, ೨೦೦೧ರಲ್ಲಿ ೮೬ನೆಯ ವಯಸ್ಸಿನಲ್ಲಿ ಬೇರೊಂದು ಕಾಯಿಲೆಯಿಂದ ತೀರಿಕೊಂಡನು. ೧೯೭೦ರ ದಶಕದಲ್ಲಿ ಲಿಥಿಯಂ ಬ್ಯಾಟರಿಯು ಬಂದ ಮೇಲೆ ಪೇಸ್‌ಮೇಕರಿನ ಆಯುಸ್ಸು ವರ್ಷಗಳ ಲೆಕ್ಕಕ್ಕೆ ಏರಿತು.

ಹೀಗೆ ಎರಡು ಸಾಧನಗಳು ವೈದ್ಯರ ಕೈಸೇರಿದವು: ಕೆಲವು ದಿನಗಳ ಮಟ್ಟಿಗೆ ಹೊರಗಿನಿಂದ ಮಿಡಿಸುವುದೊಂದು, ಬಾಳಿನುದ್ದಕ್ಕೂ ಒಳಗಿದ್ದು ಮಿಡಿಸುವುದೊಂದು. ಕವಾಟದ ಶಸ್ತ್ರಚಿಕಿತ್ಸೆಯಾದ ರೋಗಿಗೆ ಇವುಗಳಲ್ಲಿ ಯಾವುದು ಬೇಕು, ಯಾವಾಗ ಬೇಕು ಎಂಬ ನಿರ್ಣಯವೇ ಇಂದಿನ ಕಷ್ಟದ ಪ್ರಶ್ನೆ.

ಕವಾಟದ ಕೆಲಸ ಮುಗಿದು ಎದೆಯನ್ನು ಮುಚ್ಚುವ ಮುನ್ನ ಶಸ್ತ್ರವೈದ್ಯನು ಹೃದಯದ ಮೇಲ್ಮೈಗೆ ಕೂದಲಿನಂಥ ತಂತಿಗಳನ್ನು ಹೊಲಿದು, ಅವುಗಳ ತುದಿಯನ್ನು ಪಕ್ಕೆಲುಬುಗಳ ಕೆಳಗೆ ಹೊರತಂದಿಡುವುದು ವಾಡಿಕೆ. ಮಿಡಿತವು ತಗ್ಗಿದರೆ ಅವನ್ನು ಮಂಚದ ಬಳಿಯ ಪೆಟ್ಟಿಗೆಗೆ ಜೋಡಿಸಲಾಗುತ್ತದೆ. ದಿನವೂ ಪೆಟ್ಟಿಗೆಯ ವೇಗವನ್ನು ಸ್ವಲ್ಪ ಹೊತ್ತು ತಗ್ಗಿಸಿ, ಹೃದಯವು ತಾನಾಗಿ ಮಿಡಿಯುವುದೋ ಎಂದು ವೈದ್ಯರು ಕಾದು ನೋಡುತ್ತಾರೆ. ಬಾವು ಇಳಿದಂತೆ ಅನೇಕರಲ್ಲಿ ಪ್ರೇರಣೆಯು ಮತ್ತೆ ಹಾದಿ ಹಿಡಿಯುತ್ತದೆ. ಹಾರ್ಟ್ ಬ್ಲಾಕ್ ಪೂರ್ಣವಾಗಿದ್ದರೂ ಸಾಮಾನ್ಯವಾಗಿ ೫ರಿಂದ ೭ ದಿನಗಳವರೆಗೆ ಕಾಯುವುದು ರೂಢಿ. ತಾಳಿದವನು ಬಾಳಿಯಾನು ಎಂಬ ಗಾದೆಯು ಇಲ್ಲಿ ವೈದ್ಯನಿಗೂ ಅನ್ವಯಿಸುತ್ತದೆ. ಆದರೆ ತಾಳ್ಮೆಗೂ ಮೇರೆಯುಂಟು. ಹೊರಗಿನ ತಂತಿಯು ದಿನ ಕಳೆದಂತೆ ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ, ಅದರ ಗುಂಟ ಸೋಂಕು ಒಳನುಗ್ಗಬಹುದು, ಹಾಸಿಗೆ ಹಿಡಿದ ರೋಗಿಯ ಚೇತರಿಕೆಯೂ ತಡವಾಗುತ್ತದೆ. ಬೇಗನೆ ಹುದುಗಿಸಿದರೆ, ಒಂದು ತಿಂಗಳಲ್ಲಿ ತಾನೇ ಸರಿಹೋಗುತ್ತಿದ್ದ ಹೃದಯದಲ್ಲಿ ಜೀವಮಾನವಿಡೀ ಒಂದು ಯಂತ್ರವು ಉಳಿಯುತ್ತದೆ; ತಡಮಾಡಿದರೆ ಪ್ರಾಣಕ್ಕೇ ಅಪಾಯ.

ಎಷ್ಟು ಮಂದಿಗೆ ಇಂಥ ಪ್ರಸಂಗವು ಒದಗುತ್ತದೆ ಎಂಬುದು ಯಾವ ಕವಾಟ, ಎಷ್ಟು ಕವಾಟ ಎಂಬುದನ್ನು ಅವಲಂಬಿಸಿದೆ. ಅಮೆರಿಕ, ಕೆನಡ ಮತ್ತು ಜರ್ಮನಿಯ ಆಸ್ಪತ್ರೆಗಳಲ್ಲಿ ೪೦೧ ರೋಗಿಗಳ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ಇವರೆಲ್ಲರಿಗೂ ದ್ವಿದಳ ಕವಾಟದ ಶಸ್ತ್ರಚಿಕಿತ್ಸೆಯು ಅಗತ್ಯವಾಗಿತ್ತು. ತ್ರಿದಳ ಕವಾಟವು ತೀರ ಕೆಟ್ಟಿರಲಿಲ್ಲ. ಅರ್ಧದಷ್ಟು ಜನರಿಗೆ ಮುನ್ನೆಚ್ಚರಿಕೆಯಿಂದ ತ್ರಿದಳ ಕವಾಟಕ್ಕೂ ಬಳೆಯನ್ನು ಹೊಲಿದರು, ಉಳಿದವರಿಗೆ ಹೊಲಿಯಲಿಲ್ಲ. ಎರಡು ವರ್ಷಗಳಲ್ಲಿ, ಬಳೆ ಹೊಲಿಸಿಕೊಂಡವರ ಕವಾಟದ ಸೋರಿಕೆಯು ಮುಂದುವರಿದದ್ದು ಕಡಿಮೆ. ಆದರೆ ಅವರಲ್ಲಿ ನೂರಕ್ಕೆ ೧೪.೧ ಮಂದಿಗೆ ಶಾಶ್ವತ ಪೇಸ್‌ಮೇಕರ್ ಬೇಕಾಯಿತು. ಬಳೆಯಿಲ್ಲದವರಲ್ಲಿ ಬೇಕಾದದ್ದು ನೂರಕ್ಕೆ ೨.೫ ಮಂದಿಗೆ. ಒಂದು ಕದವನ್ನು ಭದ್ರಪಡಿಸಿದ್ದಕ್ಕೆ ತೆರಬೇಕಾದ ಬೆಲೆಯೆಂದರೆ ಇದು. ಎದೆಯನ್ನು ಸೀಳದೆ, ತೊಡೆಯ ರಕ್ತನಾಳದ ಮೂಲಕ ಮಡಿಚಿದ ಕವಾಟವನ್ನು ಒಯ್ದು ಮಹಾಪಧಮನಿಯ ಬಾಯಲ್ಲಿ ಅರಳಿಸುವ ವಿಧಾನವೂ ಈಗ ಬಳಕೆಯಲ್ಲಿದೆ. ಹೊಸ ಕವಾಟವನ್ನು ಕೊಳವೆಯ ಮೂಲಕ ಒಯ್ದು ಕೂರಿಸುವ ಈ ತಂತ್ರವನ್ನು ೨೦೦೨ರಲ್ಲಿ ಫ್ರಾನ್ಸಿನ ಆಲೆನ್ ಕ್ರಿಬಿಯೆ ಮೊದಲು ಮನುಷ್ಯನ ಮೇಲೆ ಮಾಡಿ ತೋರಿಸಿದನು. ಅಲ್ಲಿ ಸೂಜಿಯಿಲ್ಲ, ದಾರವಿಲ್ಲ. ಆದರೂ ಅರಳಿದ ಚೌಕಟ್ಟು ಹಿಸ್ ಎಳೆಯನ್ನು ಒತ್ತಬಹುದಾದ್ದರಿಂದ ಅದೇ ತೊಡಕು ಅಲ್ಲಿಯೂ ತಪ್ಪಿಲ್ಲ.

ಪೇಸ್‌ಮೇಕರನ್ನು ಹುದುಗಿಸುವ ಕೆಲಸವು ಈಗ ಅಷ್ಟೇನೂ ಭಯಂಕರವಲ್ಲ. ರೋಗಿಯು ಎಚ್ಚರವಾಗಿಯೇ ಇರುತ್ತಾನೆ. ಕೊರಳೆಲುಬಿನ ಕೆಳಗಿನ ಭಾಗವನ್ನು ಮಾತ್ರ ಮರಗಟ್ಟಿಸುತ್ತಾರೆ. ಅಲ್ಲಿ ಒಂದೆರಡು ಅಂಗುಲದಷ್ಟು ಕೊಯ್ದು, ಅಭಿಧಮನಿಯೊಂದರ ಮೂಲಕ ತಂತಿಯನ್ನು ತೂರಿಸಿ, ಎಕ್ಸ್-ರೇ ಪರದೆಯನ್ನು ನೋಡುತ್ತ ಹೃದಯಕ್ಕೆ ಇಳಿಸುತ್ತಾರೆ. ತಂತಿಯ ತುದಿಯಲ್ಲಿರುವ ಪುಟ್ಟ ತಿರುಪು ಸ್ನಾಯುವಿನಲ್ಲಿ ಕಚ್ಚಿಕೊಳ್ಳುತ್ತದೆ. ಇನ್ನೊಂದು ತುದಿಗೆ ಬ್ಯಾಟರಿಯೂ ಸರ್ಕ್ಯೂಟೂ ಇರುವ, ಸುಮಾರು ೨೦ರಿಂದ ೩೦ ಗ್ರಾಂ ತೂಕದ ಲೋಹದ ಬಿಲ್ಲೆಯನ್ನು ಜೋಡಿಸಿ ಚರ್ಮದಡಿಯ ಚೀಲದಂಥ ಜಾಗದಲ್ಲಿಟ್ಟು ಹೊಲಿಯುತ್ತಾರೆ. ಅದು ಸದಾ ಬಡಿಯುವ ಯಂತ್ರವಲ್ಲ. ಯಕ್ಷಗಾನದ ಭಾಗವತನು ವೇಷಧಾರಿಯ ಹೆಜ್ಜೆಯನ್ನು ಗಮನಿಸುತ್ತ ತಾಳವನ್ನು ಹಿಡಿಯುವಂತೆ, ಅದು ಹೃದಯದ ಸ್ವಂತ ಮಿಡಿತವನ್ನು ಆಲಿಸುತ್ತಿದ್ದು, ಅದು ತಪ್ಪಿದಾಗ ಮಾತ್ರ ಪ್ರೇರಣೆಯನ್ನು ಕೊಡುತ್ತದೆ. ಮೇಲಿನ ಕೋಣೆಗೊಂದು, ಕೆಳಗಿನ ಕೋಣೆಗೊಂದು ಹೀಗೆ ಎರಡು ತಂತಿಗಳಿದ್ದರೆ ನಡುಗಂಟಿನ ಆ ಸಣ್ಣ ತಡೆಯನ್ನೂ ಅನುಕರಿಸಬಲ್ಲದು. ಆದರೆ ದ್ವಿದಳ ಕವಾಟದ ಹಳೆಯ ರೋಗಿಗಳಲ್ಲಿ ಅನೇಕರ ಹೃತ್ಕರ್ಣವು ಹಿಗ್ಗಿ, ಮಿಡಿಯುವುದನ್ನೇ ಬಿಟ್ಟು ಬರಿದೆ ಅದುರುತ್ತಿರುತ್ತದೆ. ಅದು ಶಾಶ್ವತವಾಗಿದ್ದಲ್ಲಿ ಮೇಲಿನ ತಂತಿಯಿಂದ ಪ್ರಯೋಜನವಿಲ್ಲವಾದ್ದರಿಂದ ಕೆಳಗಿನದೊಂದೇ ಸಾಕು.

ಕವಾಟ ರಿಪೇರಿಯಾದವರಲ್ಲಿ ವೈದ್ಯರು ವಿಶೇಷವಾಗಿ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಅಭಿಧಮನಿಯಿಂದ ಬಂದ ತಂತಿಯು ಬಲ ಹೃತ್ಕುಕ್ಷಿಯನ್ನು ಮುಟ್ಟಬೇಕಾದರೆ ತ್ರಿದಳ ಕವಾಟವನ್ನು ದಾಟಲೇಬೇಕು. ಅಂದರೆ ಕದದ ಸಂದಿನಲ್ಲಿ ಒಂದು ಹಗ್ಗವನ್ನು ಶಾಶ್ವತವಾಗಿ ಬಿಟ್ಟಂತೆ. ತಂತಿಯು ದಳಕ್ಕೆ ಒತ್ತಿಕೊಂಡರೆ ಅಥವಾ ಅಂಟಿಕೊಂಡರೆ, ಬಳೆ ಹೊಲಿದು ನಿಲ್ಲಿಸಿದ್ದ ಸೋರಿಕೆಯು ಮತ್ತೆ ಆರಂಭವಾಗಬಹುದು. ಮಿಡಿತಕ್ಕೆಂದು ತಂದ ಸಾಧನವು ಕದವನ್ನೇ ಕೆಡಿಸಿದರೆ ಮೂಗಿಗಿಂತ ಮೂಗುತಿ ಭಾರವಾದಂತಾಗುತ್ತದೆ. ಆದ್ದರಿಂದ ತಂತಿಯನ್ನು ದಳಗಳ ಚಲನೆಗೆ ತೊಡಕಾಗದಂತೆ ಇಳಿಸಲು ಬಹಳ ಜಾಗರೂಕತೆ ಬೇಕು. ತ್ರಿದಳ ಕವಾಟವನ್ನು ತೆಗೆದು ಲೋಹದ ಕವಾಟವನ್ನೇ ಕೂರಿಸಿದ್ದರಂತೂ ಅದರ ಮೂಲಕ ತಂತಿಯನ್ನು ಹಾಯಿಸುವಂತೆಯೇ ಇಲ್ಲ. ಗಡುಸಾದ ಬಿಲ್ಲೆಯು ಮುಚ್ಚಿಕೊಳ್ಳದೆ ಕವಾಟವು ಕೆಲಸ ಕೆಡುತ್ತದೆ, ತಂತಿಯೂ ಜಜ್ಜಿಹೋಗುತ್ತದೆ. ಆಗ ಬಳಸುದಾರಿಯನ್ನು ಹಿಡಿಯಬೇಕು. ಹೃದಯದ ಸ್ವಂತ ರಕ್ತವನ್ನು ಬಲ ಹೃತ್ಕರ್ಣಕ್ಕೆ ತರುವ ಅಭಿಧಮನಿಯೊಂದಿದೆ. ಅದರ ಬಾಯಿಯಿಂದ ಹಿಮ್ಮುಖವಾಗಿ ತಂತಿಯನ್ನು ಒಯ್ದರೆ, ಯಾವ ಕವಾಟವನ್ನೂ ದಾಟದೆ ಎಡ ಹೃತ್ಕುಕ್ಷಿಯ ಹೊರಮೈಯನ್ನು ಮುಟ್ಟಬಹುದು. ಇಲ್ಲವೇ ಎದೆಯನ್ನು ಸ್ವಲ್ಪ ತೆರೆದು ಹೃದಯದ ಹೊರಮೈಗೇ ತಂತಿಯನ್ನು ಹೊಲಿಯಬಹುದು.

ತಂತಿಯೇ ಇಲ್ಲದ ಪೇಸ್‌ಮೇಕರುಗಳೂ ಬಂದಿವೆ. ಸುಮಾರು ೨೬ ಮಿಲಿಮೀಟರ್ ಉದ್ದದ, ದೊಡ್ಡ ಮಾತ್ರೆಯಂಥ ಒಂದು ಬಗೆಯ ಸಾಧನವನ್ನು ೨೦೧೩ರಲ್ಲಿ ಆಸ್ಟ್ರಿಯ ದೇಶದಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಲಾಯಿತು. ತೊಡೆಯ ಅಭಿಧಮನಿಯಿಂದ ಒಯ್ದು ಬಲ ಹೃತ್ಕುಕ್ಷಿಯಲ್ಲಿ ಕಚ್ಚಿಸಿ ಬಿಟ್ಟರೆ, ಅದು ಅಲ್ಲಿಯೇ ಕುಳಿತು ಕೆಲಸ ಮಾಡುತ್ತದೆ. ಕದದ ಸಂದಿನಲ್ಲಿ ಏನನ್ನೂ ಉಳಿಸುವುದಿಲ್ಲ. ಒಳಹೋಗುವಾಗ ಒಮ್ಮೆ ಕವಾಟವನ್ನು ದಾಟಬೇಕಾದ್ದರಿಂದ ಲೋಹದ ತ್ರಿದಳ ಕವಾಟವುಳ್ಳವರಿಗೆ ಮಾತ್ರ ಇದೂ ಸಲ್ಲದು.

ಕೃತಕ ಕವಾಟವುಳ್ಳವರ ಇನ್ನೊಂದು ತೊಡಕು ರಕ್ತದ್ದು. ಲೋಹದ ಮೇಲೆ ರಕ್ತವು ಹೆಪ್ಪುಗಟ್ಟದಂತೆ ಅವರು ವಾರ್ಫರಿನ್ ಎಂಬ ಔಷಧವನ್ನು ನಿತ್ಯವೂ ಸೇವಿಸಬೇಕು. ಅದನ್ನು ಸೇವಿಸುತ್ತಿರುವಾಗಲೇ ಚರ್ಮವನ್ನು ಕೊಯ್ದರೆ ಬಿಲ್ಲೆಯ ಸುತ್ತ ರಕ್ತವು ಶೇಖರವಾಗಿ ಬಾವು ಬಂದೀತು. ನಿಲ್ಲಿಸಿದರೆ ಕವಾಟವೇ ಹೆಪ್ಪಿನಿಂದ ಕಟ್ಟಿಕೊಂಡೀತು. ಬಹುಕಾಲದವರೆಗೆ ವೈದ್ಯರು ಮಧ್ಯಮಾರ್ಗವನ್ನು ಅನುಸರಿಸುತ್ತಿದ್ದರು: ಕೆಲವು ದಿನ ಮೊದಲೇ ವಾರ್ಫರಿನನ್ನು ನಿಲ್ಲಿಸಿ, ಬೇಗ ಇಳಿದುಹೋಗುವ ಹೆಪಾರಿನ್ ಎಂಬ ಔಷಧವನ್ನು ಸೂಜಿಯಿಂದ ಕೊಡುವುದು. ಇದು ಸುರಕ್ಷಿತವೆಂದೇ ಎಲ್ಲರೂ ನಂಬಿದ್ದರು.

ಕೆನಡದ ವೈದ್ಯರು ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದರು. ೬೮೧ ರೋಗಿಗಳನ್ನೊಳಗೊಂಡು ೨೦೧೩ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆಪಾರಿನ್ ಪಡೆದವರಲ್ಲಿ ನೂರಕ್ಕೆ ೧೬ ಮಂದಿಗೆ ತೊಂದರೆ ಕೊಡುವಷ್ಟು ರಕ್ತದ ಬಾವು ಬಂದಿತು. ವಾರ್ಫರಿನನ್ನು ನಿಲ್ಲಿಸದೆ ಮುಂದುವರಿಸಿದವರಲ್ಲಿ ಅದು ಬಂದದ್ದು ನೂರಕ್ಕೆ ೩.೫ ಮಂದಿಗೆ ಮಾತ್ರ. ವ್ಯತ್ಯಾಸವು ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ವಾರ್ಫರಿನ್ ಇದ್ದಾಗ ಒಸರುವ ನಾಳಗಳು ಶಸ್ತ್ರಚಿಕಿತ್ಸೆಯ ಹೊತ್ತಿಗೇ ಕಣ್ಣಿಗೆ ಬಿದ್ದು, ವೈದ್ಯರು ಅವನ್ನು ಆಗಲೇ ಮುಚ್ಚಬಲ್ಲರು. ಹೆಪಾರಿನನ್ನು ಆಮೇಲೆ ಮತ್ತೆ ಕೊಡುವಾಗ ಗಾಯವು ಹೊಲಿಗೆಯಡಿ ಮರೆಯಾಗಿರುತ್ತದೆ. ಇದೇ ಕಾರಣವಿರಬಹುದೆಂದು ಅಧ್ಯಯನಕಾರರು ಊಹಿಸಿದ್ದಾರೆ. ಸಾಮಾನ್ಯ ಬುದ್ಧಿಗೆ ಎದುರಾದ ಈ ಫಲಿತಾಂಶದ ಬಳಿಕ ಅನೇಕ ಆಸ್ಪತ್ರೆಗಳು ತಮ್ಮ ರೂಢಿಯನ್ನು ಬದಲಿಸಿದವು.

ಸೋಂಕಿನ ಭಯವೂ ಇವರಿಗೆ ಅಧಿಕ. ಬಿಲ್ಲೆಯ ಬಳಿ ಬೇರೂರಿದ ಸೂಕ್ಷ್ಮಾಣುಗಳು ತಂತಿಯ ಗುಂಟ ಇಳಿದು, ರಿಪೇರಿಯಾದ ಕವಾಟವನ್ನು ಮುತ್ತಿಕೊಂಡರೆ ಎರಡೂ ಕೆಲಸಗಳು ಒಮ್ಮೆಗೇ ಹಾಳಾಗುತ್ತವೆ. ಅದಕ್ಕಾಗಿ ಕೊಯ್ಯುವ ಮುನ್ನವೇ ಪ್ರತಿಜೀವಕ ಔಷಧವನ್ನು ಕೊಡುತ್ತಾರೆ. ಗಾಯವು ಕೆಂಪಾದರೆ, ಕಾರಣ ತಿಳಿಯದ ಜ್ವರವು ಬಂದರೆ ಉದಾಸೀನ ಮಾಡದೆ ವೈದ್ಯರಿಗೆ ತೋರಿಸಬೇಕೆಂದು ರೋಗಿಗೆ ತಿಳಿಸಿರುತ್ತಾರೆ.

ಮನೆಗೆ ಮರಳಿದ ರೋಗಿಯು ಕೆಲವು ವಾರ ಆ ಬದಿಯ ತೋಳನ್ನು ತಲೆಯಿಂದ ಮೇಲಕ್ಕೆ ಎತ್ತುವಂತಿಲ್ಲ; ತಂತಿಯು ಕಚ್ಚಿಕೊಳ್ಳುವ ಮುನ್ನ ಜಾರಬಾರದು. ಅನಂತರ ಆತನು ನಡೆಯಬಹುದು, ಹೊಲಗದ್ದೆಗಳಲ್ಲಿ ಕೆಲಸ ಮಾಡಬಹುದು, ಬಸ್ಸು ರೈಲುಗಳಲ್ಲಿ ಪ್ರಯಾಣ ಮಾಡಬಹುದು. ಮೊಬೈಲ್ ಫೋನನ್ನು ಬಿಲ್ಲೆಯ ಮೇಲಿನ ಜೇಬಿನಲ್ಲಿ ಇಡಬಾರದಷ್ಟೆ. ನಿಯತಕಾಲದಲ್ಲಿ ಆಸ್ಪತ್ರೆಗೆ ಬಂದಾಗ, ಚರ್ಮದ ಮೇಲೆ ಒಂದು ಉಪಕರಣವನ್ನಿಟ್ಟರೆ ಸಾಕು; ಒಳಗಿನ ಯಂತ್ರವು ತನ್ನ ಲೆಕ್ಕವನ್ನು ಒಪ್ಪಿಸುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ, ತಂತಿ ಸರಿಯಾಗಿದೆಯೇ, ಕಳೆದ ತಿಂಗಳುಗಳಲ್ಲಿ ನೂರು ಮಿಡಿತಗಳಲ್ಲಿ ಯಂತ್ರದವು ಎಷ್ಟು, ಹೃದಯದವು ಎಷ್ಟು ಎಂಬುದೆಲ್ಲ ಪರದೆಯ ಮೇಲೆ ಮೂಡುತ್ತದೆ. ಕೆಲವರಲ್ಲಿ ಆ ಸಂಖ್ಯೆಯು ನೂರರ ಬಳಿಯೇ ನಿಂತಿರುತ್ತದೆ. ಅವರ ಎಳೆಯು ಮತ್ತೆ ಕೂಡಲಿಲ್ಲ, ಯಂತ್ರವಿಲ್ಲದೆ ಅವರಿಗೆ ಬದುಕಿಲ್ಲ. ಇನ್ನು ಕೆಲವರಲ್ಲಿ ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಸೊನ್ನೆಯ ಹತ್ತಿರಕ್ಕೆ ಬಂದಿರುತ್ತದೆ. ಮೂರ್ಛೆ ಹೋಗಿದ್ದ ಎಳೆಯು ತಡವಾಗಿ ಎಚ್ಚತ್ತಿದೆ. ಯಂತ್ರವು ಮಾಡಲು ಕೆಲಸವಿಲ್ಲದೆ ಚರ್ಮದಡಿಯಲ್ಲಿ ಸುಮ್ಮನೆ ಕಾವಲು ಕುಳಿತಿದೆ.